ಚರ್ಮದ ಲೆಕ್ಕ, ಕೀಲಿನ ಲೆಕ್ಕ

ಕೀಲು ನೋಯುತ್ತದೆಂದರೆ ಅದಕ್ಕೊಂದು ಕಾರಣ ಹೇಳಿಸಿಕೊಳ್ಳುವ ಸಲುವಾಗಿ ಶಿವಮೊಗ್ಗದ ಸೀಮೆಯಲ್ಲಿ ಯಾರೂ ವೈದ್ಯನವರೆಗೆ ಹೋಗಬೇಕಾದ ಪ್ರಮೇಯವಿಲ್ಲ. ಕಾರಣಗಳು ಮನೆಯ ಜಗುಲಿಯಲ್ಲಿಯೇ ಹೇರಳವಾಗಿ ದೊರೆಯುತ್ತವೆ. 1923ರಲ್ಲಿ ಕಬ್ಬಿಣವನ್ನು ಕರಗಿಸತೊಡಗಿದ ಭದ್ರಾವತಿಯ ಕಾರ್ಖಾನೆಯಲ್ಲಿ ಆಯುಷ್ಯದ ಬಹುಭಾಗವನ್ನು ಕುಲುಮೆಯ ಕಾವಿನೆದುರು ನಿಂತು ಕಳೆದು ನಿವೃತ್ತರಾದವರ ಹಿಮ್ಮಡಿ ನೊಂದರೆ ಅದು ದುಡಿಮೆಯ ಶೇಷ. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ನಡುರಾತ್ರಿಯವರೆಗೆ ಅಡಿಕೆ ಸುಲಿದ ಹೆಂಗಸಿನ ಬೆರಳು ಊದಿಕೊಂಡರೆ ಅದು ಸುಲಿತದ ಫಲ. ಜಡಿಮಳೆಯ ದಿನಗಳಲ್ಲಿ ಸೊಂಟ ಹಿಡಿದರೆ ಶೀತ, ಐವತ್ತು ದಾಟಿದ್ದರೆ ವಯಸ್ಸು, ಬದನೆಕಾಯಿ ತಿಂದಿದ್ದರೆ ವಾಯು. ಇವಾವುವೂ ಹೊಂದದೆ ಹೋದಲ್ಲಿ, ಕರ್ನಾಟಕವೊಂದರಲ್ಲಿಯೇ 7 ಲಕ್ಷಕ್ಕೂ ಮಿಕ್ಕ ಶಂಕಿತ ರೋಗಿಗಳನ್ನು ಕಂಡ 2006ರ ಚಿಕೂನ್‌ಗುನ್ಯ ಇದ್ದೇ ಇದೆ. ಅಂದು ಬಂದ ನೋವು ಇಂದಿಗೂ ಬಿಟ್ಟಿಲ್ಲವೆಂದರೆ ಕೇಳಿದವರೆಲ್ಲರೂ ತಲೆದೂಗುತ್ತಾರೆ.

ಈ ಕಾರಣಗಳು ಮಿಥ್ಯೆಯೆಂದು ಹೇಳುವುದು ನನ್ನ ಉದ್ದೇಶವಲ್ಲ. ಪುಣೆಯಿಂದ ಹೆಚ್ಚು ದೂರವಿಲ್ಲದ ಭಿಗವಣವೆಂಬ ಗ್ರಾಮದಲ್ಲಿ ಡಾ. ಅರವಿಂದ ಚೋಪ್ರಾ ಮತ್ತವರ ಸಹೋದ್ಯೋಗಿಗಳು 1996ರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕ ವಯಸ್ಕರನ್ನು ಮನೆಮನೆಗೂ ಹೋಗಿ ವಿಚಾರಿಸಿದಾಗ ನೂರಕ್ಕೆ 18 ಮಂದಿ ಕೀಲು, ಎಲುಬು, ಸ್ನಾಯುಗಳ ಯಾವುದಾದರೊಂದು ನೋವನ್ನು ಹೇಳಿಕೊಂಡರು; ದುಡಿಯುವ ಜನರಿರುವ ಊರು ಯಾವುದಾದರೂ ಅಲ್ಲಿಯ ಚಿತ್ರ ಇದಕ್ಕಿಂತ ಬಹಳ ಭಿನ್ನವಾಗಿರಲಾರದು. ಆದರೆ ಕಾರಣಗಳ ಈ ಸಮೃದ್ಧಿಯ ನಡುವೆ ಯಾರ ಗಮನಕ್ಕೂ ಬಾರದೆ ಅಡಗಿ ಕುಳಿತಿರತಕ್ಕ ಒಂದು ಕಾರಣವುಂಟು. ಅದರ ಗುರುತು ನೋಯುವ ಕೀಲಿನ ಮೇಲಿರುವುದಕ್ಕಿಂತ ಮಿಗಿಲಾಗಿ ಮೊಣಕೈಯ ಹಿಂಬದಿಯಲ್ಲಿ, ತಲೆಗೂದಲಿನ ಅಂಚಿನಲ್ಲಿ, ಕಿವಿಯ ಹಿಂದೆ, ಉಗುರಿನ ಮೇಲೆ ಇರುತ್ತದೆ. ಸೋರಿಯಾಸಿಸ್ ಎಂಬ ಚರ್ಮವ್ಯಾಧಿಯ ಜೊತೆಗೂಡಿ ಬರುವ ಸಂಧಿವಾತವೇ ಅದು.

ಸೋರಿಯಾಸಿಸ್ಸಿನ ಪರಿಚಯವನ್ನು ಬಹಳ ಬೆಳೆಸಬೇಕಾಗಿಲ್ಲ. ಒಂದು ತಿಂಗಳ ಆಸುಪಾಸಿನಲ್ಲಿ ಮಾಗಿ ಉದುರಬೇಕಾದ ಚರ್ಮದ ಕಣಗಳು ಕೆಲವೇ ದಿನಗಳಲ್ಲಿ ಹುಟ್ಟಿ ಮೇಲಕ್ಕೆ ನೂಕಲ್ಪಟ್ಟು, ಕೆಂಪೇರಿದ ದಪ್ಪನೆಯ ಮಚ್ಚೆಗಳ ಮೇಲೆ ಬೆಳ್ಳಗಿನ ಹೊಟ್ಟಾಗಿ ಕೂರುತ್ತವೆ. ಇದು ಅಂಟುರೋಗವಲ್ಲ. ಕುಷ್ಠವಂತೂ ಅಲ್ಲವೇ ಅಲ್ಲ. ವಿಯೆನ್ನಾದ ಫರ್ಡಿನಾಂಡ್ ಹೆಬ್ರಾ ಎಂಬ ಪಂಡಿತನು 1841ರಲ್ಲಿ ಇವೆರಡನ್ನೂ ಖಚಿತವಾಗಿ ಬೇರ್ಪಡಿಸಿದನಾದರೂ ನಮ್ಮ ಮದುವೆಮನೆಗಳಲ್ಲಿ ಪಂಕ್ತಿಗೆ ಕೂರಿಸುವವರ ಕಿವಿಗೆ ಆ ವಾರ್ತೆ ಇನ್ನೂ ಮುಟ್ಟಿದಂತೆ ಕಾಣುವುದಿಲ್ಲ. ದೇಹದ ರಕ್ಷಣಾವ್ಯವಸ್ಥೆಯು ಶತ್ರುವಿಲ್ಲದ ಕಡೆಯಲ್ಲಿ ಯುದ್ಧ ಹೂಡುವುದೇ ಇದರ ಮೂಲವೆಂಬುದಿಷ್ಟನ್ನು ತಿಳಿದರೆ ಮುಂದಿನ ಮಾತಿಗೆ ಸಾಕು.

ಹಾಗಾದರೆ ಸೋರಿಯಾಸಿಸ್ ಇರುವವರಲ್ಲಿ ಎಷ್ಟು ಮಂದಿಗೆ ಕೀಲೂ ಕೆಡುತ್ತದೆ? ನೇರವಾದ ಈ ಪ್ರಶ್ನೆಗೆ ನೇರವಾದ ಉತ್ತರವೊಂದು ದೊರೆಯುವುದಿಲ್ಲವೆಂಬುದೇ ಈ ವಿಷಯದಲ್ಲಿ ಅತ್ಯಂತ ಕುತೂಹಲಕರವಾದ ಸಂಗತಿ. ಜಗತ್ತಿನ ನಾನಾ ದೇಶಗಳಲ್ಲಿ ನಡೆದ 266 ಅಧ್ಯಯನಗಳನ್ನು, ಎಂದರೆ ಒಂಬತ್ತೂವರೆ ಲಕ್ಷಕ್ಕೂ ಮಿಕ್ಕ ರೋಗಿಗಳ ವಿವರವನ್ನು, ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದ ಒಂದು ಗಣನೆಯ ಪ್ರಕಾರ ಈ ಪ್ರಮಾಣ ನೂರಕ್ಕೆ 19.7, ಐವರಲ್ಲಿ ಒಬ್ಬರು ಎಂದಿಟ್ಟುಕೊಳ್ಳಬಹುದು. ಅದೇ ಗಣನೆಯಲ್ಲಿ ಯುರೋಪಿಗೆ 22.7, ಏಷ್ಯಾಕ್ಕೆ 14, ಮಕ್ಕಳಲ್ಲಾದರೋ ಬರಿಯ 3.3. ನಮ್ಮ ದೇಶದೊಳಗೆ ಬಂದರೆ, ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯ ವೈದ್ಯರು ತಮ್ಮಲ್ಲಿಗೆ ಬಂದ 1149 ಸೋರಿಯಾಸಿಸ್ ರೋಗಿಗಳಲ್ಲಿ 100 ಮಂದಿಗೆ, ಎಂದರೆ ನೂರಕ್ಕೆ ಒಂಬತ್ತರ ಒಳಗೆ, ಈ ಸಂಧಿವಾತವಿತ್ತೆಂದು 2014ರಲ್ಲಿ ವರದಿ ಮಾಡಿದರು. ಅಮೆರಿಕದ ರೋಚೆಸ್ಟರ್ ನಗರದ ಸುತ್ತಮುತ್ತಲ ಜನರ ವೈದ್ಯಕೀಯ ದಾಖಲೆಗಳನ್ನೆಲ್ಲ ಜಾಲಾಡಿದವರಿಗೆ, ಚರ್ಮದ ರೋಗ ಕಾಣಿಸಿಕೊಂಡು 20 ವರ್ಷ ಕಳೆದ ಮೇಲೂ ನೂರಕ್ಕೆ ಐವರಲ್ಲಿ ಮಾತ್ರವೇ ಅದು ದೊರೆಯಿತು.

ಐದೆಲ್ಲಿ, ಇಪ್ಪತ್ತೆಲ್ಲಿ! ಒಂದೇ ರೋಗ ಊರಿಂದೂರಿಗೆ ಇಷ್ಟು ಬದಲಾಗುವುದೆ ಎಂದು ಓದುಗರು ಕೇಳಬಹುದು. ವಂಶವಾಹಿಗಳ ವ್ಯತ್ಯಾಸದಿಂದ ಸ್ವಲ್ಪಮಟ್ಟಿಗೆ ಬದಲಾಗುವುದು ಸಂಭವನೀಯವೇ; ಆದರೆ ಅಂತರದ ದೊಡ್ಡ ಪಾಲು ಎಣಿಸುವವನು ಎಲ್ಲಿ ನಿಂತು ಎಣಿಸುತ್ತಾನೆಂಬುದರ ಮೇಲೆ ನಿಂತಿದೆ. ಊರಿನ ಸಮಸ್ತರನ್ನೂ ಎಣಿಕೆಗೆ ತೆಗೆದುಕೊಂಡರೆ, ಮೊಣಕೈ ಮೇಲೆ ಕಾಸಿನಗಲದ ಮಚ್ಚೆಯೊಂದನ್ನು ಹೊತ್ತು, ಅದಕ್ಕೆ ಕೊಬ್ಬರಿಯೆಣ್ಣೆ ಸವರಿಕೊಂಡು ನಿಶ್ಚಿಂತರಾಗಿರುವವರೂ ಲೆಕ್ಕದೊಳಗೆ ಬಂದು ಪ್ರಮಾಣ ತಗ್ಗುತ್ತದೆ; ದೊಡ್ಡ ಆಸ್ಪತ್ರೆಯ ಬಾಗಿಲಲ್ಲಿ ನಿಂತು ಎಣಿಸಿದರೆ ಉಲ್ಬಣಿಸಿದ ರೋಗವುಳ್ಳವರೇ ಬರುವುದರಿಂದ ಅದು ಏರುತ್ತದೆ. ವ್ಯಾಧಿ ಹೊಸದಾಗಿ ಬಂದವರನ್ನು ಎಣಿಸುವುದಕ್ಕೂ ಹದಿನೈದು ವರ್ಷದ ಹಳಬರನ್ನು ಎಣಿಸುವುದಕ್ಕೂ ಭೇದವುಂಟು, ಏಕೆಂದರೆ ಈ ಸಂಧಿವಾತ ಬಂದವರಲ್ಲಿ ಹೆಚ್ಚುಕಡಿಮೆ ನೂರಕ್ಕೆ 70 ಮಂದಿಯಲ್ಲಿ ಚರ್ಮವು ಮೊದಲು ಕೆಟ್ಟು ಕೀಲು ಆಮೇಲೆ, ಅನೇಕ ವೇಳೆ ಹತ್ತು ವರ್ಷಗಳ ತರುವಾಯ, ಕೆಡುತ್ತದೆ. ಟೊರಾಂಟೊ ನಗರದಲ್ಲಿ ಕೀಲುನೋವಿಲ್ಲದ ಸೋರಿಯಾಸಿಸ್ ರೋಗಿಗಳನ್ನು ವರ್ಷವರ್ಷವೂ ಕರೆಸಿ ಪರೀಕ್ಷಿಸಿದಾಗ ಪ್ರತಿವರ್ಷ ನೂರಕ್ಕೆ 2.7ರಂತೆ ಹೊಸಬರು ಸಂಧಿವಾತಕ್ಕೆ ತುತ್ತಾಗುತ್ತಿದ್ದುದು ಕಂಡುಬಂದಿತು. ಎಲ್ಲಕ್ಕಿಂತ ಮಿಗಿಲಾದುದು, ಕೇಳಿದವರಾರು ಎಂಬ ಪ್ರಶ್ನೆ. ಯುರೋಪು ಮತ್ತು ಉತ್ತರ ಅಮೆರಿಕದ ಏಳು ದೇಶಗಳ 34 ಚರ್ಮಚಿಕಿತ್ಸಾ ಕೇಂದ್ರಗಳಿಗೆ ಬಂದ 949 ಸೋರಿಯಾಸಿಸ್ ರೋಗಿಗಳನ್ನು ಸಂಧಿರೋಗತಜ್ಞರಿಂದ ಪರೀಕ್ಷೆ ಮಾಡಿಸಿದ ಫಲಿತಾಂಶ 2013ರಲ್ಲಿ ಹೊರಬಂದಿತು. 285 ಮಂದಿಗೆ, ಎಂದರೆ ನೂರಕ್ಕೆ 30ರಷ್ಟು ಜನರಿಗೆ, ಸಂಧಿವಾತವಿತ್ತು. ಅವರಲ್ಲಿ 117 ಮಂದಿಗೆ ತಮಗೆ ಆ ರೋಗವಿದೆಯೆಂದು ಅಂದಿನವರೆಗೆ ಯಾರೂ ಹೇಳಿರಲಿಲ್ಲ. ವೈದ್ಯಕೀಯ ಸೌಕರ್ಯಗಳಿಂದ ತುಂಬಿ ತುಳುಕುವ ದೇಶಗಳ ಪಾಡು ಇದಾದರೆ, ನಮ್ಮಲ್ಲಿನ ಕಡಿಮೆ ಸಂಖ್ಯೆಯನ್ನು ಕಂಡು ಬೀಗುವುದಕ್ಕಿಂತ ಮೊದಲು ನಾವು ಎರಡು ಸಲ ಯೋಚಿಸಬೇಕಾಗುತ್ತದೆ.

ಶಿವಮೊಗ್ಗ, ಭದ್ರಾವತಿಗಳ ಮಟ್ಟಿಗೆ ಒಂದು ಕಾಗದದ ಮೇಲಿನ ಲೆಕ್ಕವನ್ನು ಹಾಕಿ ನೋಡೋಣ. ಇದು ಲೆಕ್ಕವೇ ಹೊರತು ಸಮೀಕ್ಷೆಯಲ್ಲವೆಂಬುದನ್ನು ಓದುಗರು ನೆನಪಿನಲ್ಲಿಡಬೇಕು. 2011ರ ಜನಗಣತಿಯಂತೆ ಎರಡೂ ನಗರಗಳ ಜನಸಂಖ್ಯೆ ಒಟ್ಟಾಗಿ ಸುಮಾರು 4 ಲಕ್ಷ 70 ಸಾವಿರ. ಭಾರತದಲ್ಲಿ ಸೋರಿಯಾಸಿಸ್ಸಿನ ಪ್ರಮಾಣವನ್ನು ಬೇರೆಬೇರೆ ವರದಿಗಳು ನೂರಕ್ಕೆ 0.44ರಿಂದ 2.8ರವರೆಗೆ ಹೇಳುತ್ತವೆ; ಸುಲಭಕ್ಕಾಗಿ ನೂರಕ್ಕೊಬ್ಬರೆಂದು ಹಿಡಿದರೆ 4700 ಮಂದಿಯಾಯಿತು. ಚಂಡೀಗಢದ ಪ್ರಮಾಣವನ್ನು ಅನ್ವಯಿಸಿದರೆ ಅವರಲ್ಲಿ ಸುಮಾರು 400 ಮಂದಿಗೆ, ಜಗತ್ತಿನ ಸರಾಸರಿಯನ್ನು ಅನ್ವಯಿಸಿದರೆ 900ಕ್ಕೂ ಹೆಚ್ಚು ಮಂದಿಗೆ ಕೀಲು ಕೆಟ್ಟಿರಬೇಕು. ತುಂಗೆಯ ದಡದಿಂದ ಭದ್ರೆಯ ದಡದವರೆಗೆ ಹರಡಿಕೊಂಡಿರಬಹುದಾದ ಈ ಕೆಲವು ನೂರು ಜನ ಚರ್ಮದ ಡಾಕ್ಟರಲ್ಲಿ ಮಚ್ಚೆಯನ್ನು ತೋರಿಸಿ ಮೊಣಕಾಲಿನ ಮಾತೆತ್ತುವುದಿಲ್ಲ. ಮೂಳೆ ಡಾಕ್ಟರಲ್ಲಿ ಮೊಣಕಾಲನ್ನು ತೋರಿಸುವಾಗ ತಲೆಹೊಟ್ಟಿನ ಮಾತನ್ನಾಡುವುದು ಅಪ್ರಸ್ತುತವೆಂದು ಸುಮ್ಮನಾಗುತ್ತಾರೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಎರಡು ಕಾಯಿಲೆಗೆ ಎರಡು ಚೀಟಿ ಮಾಡಿಸುವುದು ಲೋಕರೂಢಿ.

ಕೇಳಿದರೆ ಮಾತ್ರವೇ ರೋಗ ಕಾಣುತ್ತದೆಂಬುದಕ್ಕೆ ದೂರದ ನಿದರ್ಶನವನ್ನು ಅರಸಬೇಕಾದ ಅಗತ್ಯ ಈ ಜಿಲ್ಲೆಗಿಲ್ಲ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಬಡ ಕೃಷಿಕಾರ್ಮಿಕ ಕುಟುಂಬಗಳ ಎಳೆಯರೂ ಪ್ರಾಯದವರೂ ಸೊಂಟ ಮೊಣಕಾಲುಗಳ ಅಸಾಧ್ಯ ನೋವಿನಿಂದ ಬಾಗಿ, ಕೊನೆಗೆ ತೆವಳುವ ಸ್ಥಿತಿಗೆ ಬರುತ್ತಿದ್ದುದು 1975ರ ಸುಮಾರಿಗೆ ಹೊರಜಗತ್ತಿನ ಕಣ್ಣಿಗೆ ಬಿದ್ದು, ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು ಬಂದು ಮನೆಮನೆಯನ್ನೂ ವಿಚಾರಿಸಿ, 1977ರಲ್ಲಿ ಅದನ್ನು ಮಲೆನಾಡಿನದೇ ಆದ ಒಂದು ಕೌಟುಂಬಿಕ ಸಂಧಿರೋಗವೆಂದು ವೈದ್ಯಪತ್ರಿಕೆಯಲ್ಲಿ ವರ್ಣಿಸಿದರು. ಗದ್ದೆಗೆ ಸುರಿದ ಕೀಟನಾಶಕವನ್ನುಂಡ ಏಡಿ ಮೀನುಗಳಿಂದ ಅದು ಬಂತೆಂದು ಮೊದಲು ಶಂಕಿಸಿದ್ದುಂಟು. ವಂಶಪಾರಂಪರ್ಯವಾಗಿ ಹರಿದುಬರುವಂಥದೆಂದು ಅನಂತರ ತಿಳಿಯಿತು. ಅದಕ್ಕೂ ಸೋರಿಯಾಸಿಸ್ಸಿಗೂ ಯಾವ ಸಂಬಂಧವೂ ಇಲ್ಲ. ಆದರೂ ಅದನ್ನಿಲ್ಲಿ ಸ್ಮರಿಸಿದ್ದೇಕೆಂದರೆ, ಕಷ್ಟದ ಕೆಲಸದ ಫಲವೆಂದೋ ಹಣೆಬರಹವೆಂದೋ ಜನ ಸಹಿಸಿಕೊಂಡಿದ್ದ ನೋವಿಗೆ ಪ್ರತ್ಯೇಕವಾದ ಲಕ್ಷಣವೂ ಮೂಲವೂ ಇದ್ದುವೆಂಬುದು ಹೊರಬಿದ್ದುದು ಒಬ್ಬರು ಬಂದು ಕುಳಿತು ಕೇಳಿದ ಬಳಿಕವೇ.

ಸೋರಿಯಾಸಿಸ್ಸಿನ ಸಂಧಿವಾತವೂ ಹೀಗೆಯೇ ಬಹುಕಾಲ ಮನ್ನಣೆಯಿಲ್ಲದೆ ಉಳಿದಿತ್ತು. ಫ್ರಾನ್ಸಿನ ಆಲಿಬೇರ್ ಎಂಬ ವೈದ್ಯನು 1818ರಲ್ಲಿಯೇ ಇವೆರಡರ ನಂಟನ್ನು ಗುರುತಿಸಿದ್ದನಾದರೂ, ಸಾಮಾನ್ಯವಾದ ಎರಡು ರೋಗಗಳು ಒಬ್ಬನಲ್ಲೇ ಕೂಡಿಬಂದದ್ದು ಕಾಕತಾಳೀಯವೆಂಬ ವಾದವೇ ನೂರು ವರ್ಷಕ್ಕೂ ಮೀರಿ ಮೇಲುಗೈಯಾಗಿತ್ತು. ಆಮವಾತದ ರೋಗಿಗಳ ರಕ್ತದಲ್ಲಿ ಕಾಣುವ ರುಮಟಾಯ್ಡ್ ಫ್ಯಾಕ್ಟರ್ ಎಂಬ ಅಂಶ 1940ರ ದಶಕದಲ್ಲಿ ಪತ್ತೆಯಾದಮೇಲೆ, ಸೋರಿಯಾಸಿಸ್ಸಿನೊಡನೆ ಕೀಲು ಊದಿದವರಲ್ಲಿ ಬಹುಮಂದಿಗೆ ಆ ಅಂಶವಿಲ್ಲವೆಂಬುದು ಸ್ಪಷ್ಟವಾಯಿತು. ಇಂಗ್ಲೆಂಡಿನ ಲೀಡ್ಸ್ ನಗರದ ವರ್ನಾ ರೈಟ್ ಪಟ್ಟುಹಿಡಿದು ಸಾಕ್ಷ್ಯವನ್ನು ಸಂಗ್ರಹಿಸಿದರು. 1964ರಲ್ಲಿ ಅಮೆರಿಕದ ಸಂಧಿರೋಗ ಸಂಘವು ಇದನ್ನು ಪ್ರತ್ಯೇಕ ವ್ಯಾಧಿಯೆಂದು ಒಪ್ಪಿತು. 1973ರಲ್ಲಿ ರೈಟ್ ಮತ್ತು ಮಾಲ್ ಇದರ ಐದು ರೂಪಗಳನ್ನು ವಿಂಗಡಿಸಿದರು. ಬೆರಳ ತುದಿಯ ಕೀಲುಗಳನ್ನು ಹಿಡಿಯುವುದೊಂದು ರೂಪ, ಬೆನ್ನುಮೂಳೆಯ ಕೀಲುಗಳನ್ನು ಹಿಡಿಯುವುದಿನ್ನೊಂದು, ಎಡಬಲಗಳ ಹೊಂದಾಣಿಕೆಯಿಲ್ಲದೆ ಇಲ್ಲೊಂದು ಅಲ್ಲೊಂದು ಕೀಲನ್ನು ಆರಿಸಿಕೊಳ್ಳುವುದು ಮತ್ತೊಂದು.

ಇನ್ನು ಚರ್ಮಕ್ಕೆ ಬಂದದ್ದು ಕೀಲಿಗೆ ಏಕೆ ಇಳಿಯುತ್ತದೆ? ಇದಕ್ಕೆ ಉತ್ತರವನ್ನು ಬಹುಕಾಲ ಕೀಲಿನೊಳಗಣ ಪೊರೆಯಲ್ಲಿ ಹುಡುಕುತ್ತಿದ್ದರು. ಲೀಡ್ಸಿನವರೇ ಆದ ಡೆನಿಸ್ ಮೆಕ್‌ಗೊನಗಲ್ ಮತ್ತವರ ಜೊತೆಗಾರರು 1998ರಲ್ಲಿ ದೃಷ್ಟಿಯನ್ನು ಬೇರೊಂದು ಕಡೆಗೆ ತಿರುಗಿಸಿದರು. ಸ್ನಾಯುವಿನ ರಜ್ಜು ಎಲುಬಿಗೆ ನಾಟಿಕೊಳ್ಳುವ ಸ್ಥಾನಕ್ಕೆ ವೈದ್ಯರು ಎಂಥೆಸಿಸ್ ಎನ್ನುತ್ತಾರೆ. ಹಿಮ್ಮಡಿಯ ಹಿಂದೆ, ಅಂಗಾಲಿನ ಬುಡದಲ್ಲಿ, ಮೊಣಚಿಪ್ಪಿನ ಕೆಳಗೆ, ಬೆರಳಿನ ಪ್ರತಿಯೊಂದು ಗೆಣ್ಣಿನಲ್ಲಿ ಇಂಥವು ಉಂಟು, ಮತ್ತು ನಾವಿಡುವ ಒಂದೊಂದು ಹೆಜ್ಜೆಯ, ಎತ್ತುವ ಒಂದೊಂದು ಹೊರೆಯ ಎಳೆತವೆಲ್ಲ ಬಂದು ಸಂಗ್ರಹವಾಗುವುದು ಈ ಕಿರಿದಾದ ಸ್ಥಳಗಳಲ್ಲಿಯೇ. ಸೋರಿಯಾಸಿಸ್ಸಿನ ಸಂಧಿವಾತದಲ್ಲಿ ಉರಿಯೂತವು ಮೊದಲು ತಲೆಯೆತ್ತುವುದು ಅನೇಕ ವೇಳೆ ಇಲ್ಲಿ, ಕೀಲಿನೊಳಕ್ಕೆ ಹಬ್ಬುವುದು ಆಮೇಲೆ, ಎಂಬುದು ಅವರ ಪ್ರತಿಪಾದನೆ.

ಈ ಪ್ರತಿಪಾದನೆಯು ಉಗುರಿನ ಒಗಟನ್ನೂ ಬಿಡಿಸಿತು. ಸೋರಿಯಾಸಿಸ್ ಇರುವವರಲ್ಲಿ ಉಗುರು ಕೆಟ್ಟವರಿಗೆ ಸಂಧಿವಾತ ಬರುವ ಸಂಭವ ಹೆಚ್ಚೆಂಬುದು ವೈದ್ಯರಿಗೆ ಬಹಳ ಹಿಂದೆಯೇ ತಿಳಿದಿತ್ತು. ರೋಚೆಸ್ಟರ್ ಅಧ್ಯಯನದಲ್ಲಿ ಅದು ಸುಮಾರು ಮೂರು ಪಟ್ಟು, ತಲೆಯ ಚರ್ಮದಲ್ಲಿ ಮಚ್ಚೆಯಿದ್ದವರಲ್ಲಿ ಸುಮಾರು ನಾಲ್ಕು ಪಟ್ಟು. ಉಗುರು ಚರ್ಮಕ್ಕೆ ಸೇರಿದ ಅಂಗವಲ್ಲವೆ, ಕೀಲಿಗೂ ಅದಕ್ಕೂ ಏನು ಬಾದರಾಯಣ ಸಂಬಂಧ? ಸೂಕ್ಷ್ಮದರ್ಶಕದಡಿಯಲ್ಲಿ ಬೆರಳ ತುದಿಯನ್ನು ಸೀಳಿ ನೋಡಿದಾಗ ಕಂಡುದೇನೆಂದರೆ, ಕೊನೆಯ ಗೆಣ್ಣನ್ನು ಚಾಚುವ ರಜ್ಜುವಿನ ಎಳೆಗಳು ಎಲುಬಿಗೆ ನಾಟಿಕೊಂಡು ಅಲ್ಲಿಗೇ ನಿಲ್ಲದೆ ಮುಂದುವರಿದು ಉಗುರಿನ ಬೇರನ್ನೇ ಬಳಸಿಕೊಂಡಿವೆ. ಹೀಗಾಗಿ ಉಗುರಿನ ಮೇಲೆ ಮೂಡುವ ಸೂಜಿಮೊನೆಯಷ್ಟು ಸಣ್ಣ ಕುಳಿಗಳು ಅನೇಕ ವೇಳೆ ಕೆಳಗಿನ ಕೀಲಿನ ವಿದ್ಯಮಾನವನ್ನೇ ತಿಳಿಸುತ್ತಿರುತ್ತವೆ. ಈ ಶಾಸ್ತ್ರದ ಇಡೀ ಗ್ರಂಥರಾಶಿಯಲ್ಲಿ ನನ್ನನ್ನು ಇಷ್ಟು ಬೆರಗುಗೊಳಿಸಿದ ಸಂಗತಿ ಮತ್ತೊಂದಿಲ್ಲ.

ಎಳೆತದ ಪಾತ್ರವನ್ನು ಪರೀಕ್ಷಿಸಲು ಬೆಲ್ಜಿಯಮ್ಮಿನ ಗೆಂಟ್ ನಗರದ ಸಂಶೋಧಕರು ಸಂಧಿವಾತಕ್ಕೆ ಈಡಾಗುವ ತಳಿಯ ಇಲಿಗಳನ್ನು ಹಿಂಗಾಲು ನೆಲಕ್ಕೆ ತಾಗದಂತೆ ಬಾಲದಿಂದ ತೂಗುಹಾಕಿದರು. ಕಾಲೂರಿ ನಡೆದ ಇಲಿಗಳ ಹಿಮ್ಮಡಿಯಲ್ಲಿ ಉರಿಯೂತ ಹುಟ್ಟಿತು, ತೂಗಾಡಿದವುಗಳಲ್ಲಿ ಹುಟ್ಟಲಿಲ್ಲ. 2014ರಲ್ಲಿ ಪ್ರಕಟವಾದ ಈ ಪ್ರಯೋಗದೊಡನೆ ಬ್ರಿಟನ್ನಿನ ವೈದ್ಯದಾಖಲೆಗಳ ಸಾಕ್ಷ್ಯವೂ ಸೇರುತ್ತದೆ: ಎಲುಬಿಗೋ ಕೀಲಿಗೋ ಪೆಟ್ಟುಬಿದ್ದ ಸೋರಿಯಾಸಿಸ್ ರೋಗಿಗಳಲ್ಲಿ ಸಂಧಿವಾತದ ಸಂಭವ ಸುಮಾರು ಒಂದೂವರೆ ಪಟ್ಟು ಏರುತ್ತದೆ. ಚರ್ಮದ ಮೇಲೆ ಗೀರಿದ ಕಡೆಯಲ್ಲೆಲ್ಲ ಹೊಸ ಮಚ್ಚೆಯೇಳುವುದನ್ನು ಜರ್ಮನಿಯ ಕ್ಯೋಬ್ನರ್ ಹತ್ತೊಂಬತ್ತನೆಯ ಶತಮಾನದಲ್ಲಿಯೇ ತೋರಿಸಿದ್ದನು. ಅದೇ ನಿಯಮವು ಚರ್ಮದ ಆಳದಲ್ಲಿಯೂ ನಡೆಯುವಂತೆ ತೋರುತ್ತದೆ. ಹಾಗೆ ನೋಡಿದರೆ ಕುಲುಮೆಯ ದುಡಿಮೆ, ಅಡಿಕೆಯ ಸುಲಿತ ಎಂದು ನಮ್ಮ ಜನ ಹೇಳುವ ಕಾರಣದಲ್ಲಿ ಅರ್ಧ ಸತ್ಯವಿರಲಾರದೆ? ದುಡಿಮೆಯೊಂದೇ ಈ ರೋಗವನ್ನು ತರಲಾರದು. ಒಳಗೆ ಸಿದ್ಧತೆಯಿದ್ದವನಲ್ಲಿ ಅದು ಎಡೆಯನ್ನು ತೋರಿಸಿಕೊಡಬಲ್ಲದು. ದೇಹದ ತೂಕ ಮಿತಿಮೀರಿದರೂ ಅಪಾಯ ಏರುತ್ತದೆ, ಏಕೆಂದರೆ ಕೊಬ್ಬು ಕೀಲಿನ ಮೇಲಣ ಭಾರವಾಗುವುದಲ್ಲದೆ ತಾನೂ ಉರಿಯೂತವನ್ನು ಕೆರಳಿಸುವ ದ್ರವ್ಯಗಳನ್ನು ಒಸರುತ್ತದೆ.

ಆ ಒಳಗಿನ ಸಿದ್ಧತೆ ಹುಟ್ಟಿನಿಂದ ಬರುವಂಥದು. ವಂಶಾವಳಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಪಾಡಿಕೊಂಡಿರುವ ಐಸ್‌ಲೆಂಡ್ ದ್ವೀಪದಲ್ಲಿ ಲೆಕ್ಕಹಾಕಿದಾಗ, ಈ ಸಂಧಿವಾತವಿರುವವರ ತಂದೆತಾಯಿ, ಒಡಹುಟ್ಟು, ಮಕ್ಕಳಿಗೆ ಅದು ಬರುವ ಸಂಭವ ಇತರರಿಗಿಂತ 39 ಪಟ್ಟು ಹೆಚ್ಚೆಂದು ಕಂಡುಬಂದಿತು. ಎಚ್‌ಎಲ್‌ಎ ಎಂಬ ವಂಶವಾಹಿಗಳ ಗುಂಪಿನಲ್ಲಿ ಬಿ-27 ಮುಂತಾದವು ಕೀಲಿನ ಕಡೆಗೆ ವಾಲಿಸುತ್ತವೆ. ಚರ್ಮದ ರೋಗವನ್ನು ಎಳೆವಯಸ್ಸಿನಲ್ಲಿಯೇ ತರುವ ಸಿ-6 ಇದ್ದವರಿಗೆ ಕೀಲಿನ ತೊಂದರೆ ತಡವಾಗಿ ಬರುತ್ತದೆ. ಚರ್ಮದಲ್ಲಾಗಲಿ ಎಂಥೆಸಿಸ್ಸಿನಲ್ಲಾಗಲಿ ಉರಿಯೂತದ ಸಂದೇಶವನ್ನು ಸಾಗಿಸತಕ್ಕ ದೂತರು ಇಂಟರ್‌ಲ್ಯೂಕಿನ್-23, ಇಂಟರ್‌ಲ್ಯೂಕಿನ್-17, ಟಿಎನ್‌ಎಫ್ ಎಂಬ ಅವೇ ಪ್ರೋಟೀನುಗಳು. ಬೇರೊಂದೇ ಆದಕಾರಣ ಎರಡು ಕಡೆ ಚಿಗುರುವುದರಲ್ಲಿ ಆಶ್ಚರ್ಯವಿಲ್ಲ.

ಮಚ್ಚೆ ಸ್ವಲ್ಪವೇ ಇದೆ, ಆದ್ದರಿಂದ ಕೀಲಿಗೆ ಭಯವಿಲ್ಲವೆಂದು ತಿಳಿಯುವುದು ತರವಲ್ಲ. ಮೈತುಂಬ ಮಚ್ಚೆಯಿದ್ದವರಿಗೆ ಅಪಾಯ ಹೆಚ್ಚೆಂಬುದು ನಿಜವಾದರೂ, ತಲೆಗೂದಲೊಳಗೆ ಅಡಗಿದ ಒಂದೇ ಮಚ್ಚೆಯವರಲ್ಲಿಯೂ ಕೀಲುಗಳು ಸವೆದದ್ದುಂಟು. ಗುರುತಿಸುವುದು ಹೇಗೆಂದರೆ, ವಯಸ್ಸಿನಿಂದ ಸವೆದ ಮೊಣಕಾಲು ದುಡಿದಷ್ಟೂ ನೊಂದು ಸಂಜೆಗೆ ಹೆಚ್ಚಾಗಿ ವಿಶ್ರಾಂತಿಯಿಂದ ತಣಿಯುತ್ತದೆ. ಸೋರಿಯಾಸಿಸ್ಸಿನ ಸಂಧಿವಾತವಾದರೋ ಬೆಳಗ್ಗೆ ಏಳುವಾಗ ಅರ್ಧ ಗಂಟೆಗೂ ಮೀರಿ ಮರಗಟ್ಟಿಸಿ, ಓಡಾಡಿದ ಮೇಲೆ ಸಡಿಲಾಗುತ್ತದೆ. ಕಾಲಿನದೋ ಕೈಯದೋ ಒಂದು ಬೆರಳು ಗೆಣ್ಣಿನಲ್ಲಿ ಮಾತ್ರವಲ್ಲದೆ ಬುಡದಿಂದ ತುದಿಯವರೆಗೆ ಎಳೆಯ ಬಾಳೆಕಾಯಿಯಂತೆ ಊದಿಕೊಳ್ಳುವುದು ಇದರ ಬಹು ನಂಬಲರ್ಹವಾದ ಚಿಹ್ನೆ. ಎಂದಾದರೂ ಕೀಲು ಊದಿತ್ತೆ, ಸಂಧಿವಾತವೆಂದು ವೈದ್ಯರು ಹಿಂದೆ ಹೇಳಿದ್ದರೆ, ಉಗುರಿನಲ್ಲಿ ಕುಳಿಗಳಿವೆಯೆ, ಹಿಮ್ಮಡಿ ನೊಂದಿತ್ತೆ, ಕಾರಣವಿಲ್ಲದೆ ಇಡೀ ಬೆರಳು ಊದಿ ನೊಂದಿತ್ತೆ ಎಂಬ ಐದು ಪ್ರಶ್ನೆಗಳನ್ನು ಬ್ರಿಟನ್ನಿನ ವೈದ್ಯರು ಸಿದ್ಧಪಡಿಸಿದ್ದಾರೆ. ಸೋರಿಯಾಸಿಸ್ ಇರುವವರು ಮೂರಕ್ಕೆ ಹೌದೆಂದರೆ ಸಂಧಿರೋಗತಜ್ಞರನ್ನು ಕಾಣಬೇಕೆಂಬುದು ಅವರ ಸೂತ್ರ. ರಕ್ತಪರೀಕ್ಷೆಯ ಕಾಗದವೊಂದನ್ನೇ ನಂಬಿ ಕೂರಬಾರದು. ಆರ್‌ಎ ಫ್ಯಾಕ್ಟರ್, ಎಂದರೆ ರುಮಟಾಯ್ಡ್ ಫ್ಯಾಕ್ಟರ್, ನೆಗೆಟಿವ್ ಬಂದಿತೆಂದು ನಿರಾಳರಾಗುವವರು, ಈ ರೋಗದಲ್ಲಿ ಅದು ಸಾಮಾನ್ಯವಾಗಿ ನೆಗೆಟಿವ್ ಆಗಿಯೇ ಇರುತ್ತದೆಂಬುದನ್ನು ಅರಿಯರು; ಉರಿಯೂತವನ್ನು ಸೂಚಿಸುವ ಇಎಸ್‌ಆರ್ ಕೂಡ ಎಷ್ಟೋ ಮಂದಿಯಲ್ಲಿ ಸರಿಯಾಗಿಯೇ ಇರುತ್ತದೆ.

ಅವಸರವೇಕೆಂದರೆ, ಡಬ್ಲಿನ್ನಿನ ವೈದ್ಯರು 283 ರೋಗಿಗಳ ಚರಿತ್ರೆಯನ್ನು ಪರಿಶೀಲಿಸಿ 2015ರಲ್ಲಿ ತಿಳಿಸಿದಂತೆ, ಲಕ್ಷಣ ಕಂಡು ಆರು ತಿಂಗಳು ಕಳೆದಮೇಲೆ ತಜ್ಞರ ಬಳಿಗೆ ಬಂದವರಲ್ಲಿ ಎಲುಬು ಸವೆದು ಕೀಲು ಕೆಟ್ಟಿರುವುದು ಗಮನಾರ್ಹವಾಗಿ ಹೆಚ್ಚು. ಸವೆದ ಎಲುಬು ಮರಳಿ ಬೆಳೆಯುವುದಿಲ್ಲ. ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ, ಅದಕ್ಕೆ ಹೊಂದಿಕೊಂಡ ವೈದ್ಯಕೀಯ ವಿಜ್ಞಾನ ಸಂಸ್ಥೆಯಿದೆ. ಭದ್ರಾವತಿಯಿಂದ ಬಸ್ಸು ಹತ್ತಿದರೆ ಗಂಟೆಯೊಳಗೆ ತಲಪಬಹುದಾದ ದೂರ. ಅಲ್ಲಿಗೇ ಆಗಲಿ ಬೇರೆಲ್ಲಿಗೇ ಆಗಲಿ ಹೋದಾಗ ಮೂಳೆ ಡಾಕ್ಟರಿಗೆ ಮಚ್ಚೆಯನ್ನೂ ಚರ್ಮದ ಡಾಕ್ಟರಿಗೆ ಹಿಮ್ಮಡಿಯನ್ನೂ ಕೇಳದಿದ್ದರೂ ತೋರಿಸುವುದು ರೋಗಿಯ ಕೈಯಲ್ಲಿರುವ ಕೆಲಸ.

ಔಷಧಗಳ ವಿಷಯದಲ್ಲಿ ಈ ಕಾಲದವರು ಅದೃಷ್ಟವಂತರು. ಟಿಎನ್‌ಎಫ್ ಮತ್ತು ಇಂಟರ್‌ಲ್ಯೂಕಿನ್‌ಗಳನ್ನು ನೇರವಾಗಿ ತಡೆಯುವ ಚುಚ್ಚುಮದ್ದುಗಳು 2002ರಿಂದೀಚೆಗೆ ಒಂದೊಂದಾಗಿ ಬಂದಿವೆ. ಅವು ದುಬಾರಿ, ಮತ್ತು ಕೊಡುವ ಮೊದಲು ಮೈಯೊಳಗೆ ಕ್ಷಯ ಅಡಗಿಲ್ಲವೆಂಬುದನ್ನು ನೋಡಿಕೊಳ್ಳಬೇಕು. ಪೇಟೆಯಲ್ಲಿ ಸುಲಭವಾಗಿ ದೊರೆಯುವ ಸ್ಟೀರಾಯ್ಡ್ ಮಾತ್ರೆಗಳನ್ನು ತಾವಾಗಿ ನುಂಗಿ ತಟ್ಟನೆ ಬಿಟ್ಟವರಲ್ಲಿ ಸೋರಿಯಾಸಿಸ್ ಮೈತುಂಬ ಕೀವುಗುಳ್ಳೆಗಳಾಗಿ ಭುಗಿಲೇಳಬಹುದಾದ್ದರಿಂದ ಅವುಗಳ ಗೊಡವೆ ಬೇಡ. ಬಹುಮಂದಿಗೆ ಇಂದಿಗೂ ಒದಗುವುದು ಮೆಥೊಟ್ರೆಕ್ಸೇಟ್ ಎಂಬ ಅಗ್ಗದ ಹಳದಿ ಮಾತ್ರೆ. ಭೀಮಾವರದಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯ ಸಂಶೋಧನೆಯನ್ನು ನಡೆಸಿದ ಎಲ್ಲಾಪ್ರಗಡ ಸುಬ್ಬರಾಯರ ತಂಡದಿಂದ ಹೊರಬಂದ ಮದ್ದುಗಳ ಬಳಗಕ್ಕೆ ಅದು ಸೇರಿದ್ದು; ಆ ಬಳಗದ ಅಮೈನಾಪ್ಟರಿನ್ ಸೋರಿಯಾಸಿಸ್ಸಿಗೂ ಸಂಧಿವಾತಕ್ಕೂ ಒಟ್ಟಿಗೇ ಹಿಡಿಯುತ್ತದೆಂಬುದನ್ನು ಗಬ್ನರ್ ಎಂಬ ವೈದ್ಯನು 1951ರಲ್ಲಿ ವರದಿ ಮಾಡಿದನು. ಮೆಥೊಟ್ರೆಕ್ಸೇಟ್ ಸೇವಿಸುವವರು ಯಕೃತ್ತು ಮತ್ತು ರಕ್ತದ ಪರೀಕ್ಷೆಯನ್ನು ಕಾಲಕಾಲಕ್ಕೆ ಮಾಡಿಸುತ್ತಿರಬೇಕು, ಮದ್ಯವನ್ನು ದೂರವಿಡಬೇಕು, ಗರ್ಭಿಣಿಯರಿಗಂತೂ ಸಲ್ಲದು. ಅದನ್ನು ನುಂಗತಕ್ಕದ್ದು ವಾರಕ್ಕೊಂದು ದಿನ ಮಾತ್ರ. ದಿನಕ್ಕೊಂದೆಂದು ತಪ್ಪಾಗಿ ತಿಳಿದು ಸೇವಿಸಿ ಪ್ರಾಣ ಕಳೆದುಕೊಂಡವರು ಹಲವು ದೇಶಗಳಲ್ಲಿ ಇದ್ದಾರಾದಕಾರಣ, ವಾರದ ಯಾವ ದಿನ ನುಂಗಬೇಕೆಂಬುದನ್ನು ಚೀಟಿಯ ಮೇಲೆ ಕನ್ನಡದಲ್ಲಿ, ದಪ್ಪಕ್ಷರದಲ್ಲಿ, ಡಾಕ್ಟರಿಂದಲೇ ಬರೆಯಿಸಿಕೊಳ್ಳಬೇಕು.